ಒಂಟಿ ಮರದ ಜಾಗ

ಮಂಗಳವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ನಗರಸಭೆಯ ಉದ್ಯಾನ ಮೇಲ್ವಿಚಾರಕರು ಠಾಣೆಗೆ ಬಂದು ದೂರು ಬರೆದುಕೊಟ್ಟರು. ಕೆರೆಯ ನೀರಿನಲ್ಲಿ ನಿಂತಿದ್ದ ಒಂಟಿ ಮರವನ್ನು ಬೆಳಗಾಗುವುದರೊಳಗೆ ಯಾರೋ ಬುಡದಲ್ಲಿ ಕೊಯ್ದು ಉರುಳಿಸಿದ್ದಾರೆ ಎಂಬುದು ದೂರಿನ ಸಾರಾಂಶ. ಕಾಗದದಲ್ಲಿ ‘ಯಾರೋ’ ಎಂದು ಬರೆದಿದ್ದವರು ಬಾಯಲ್ಲಿ ಅಷ್ಟು ಎಚ್ಚರ ವಹಿಸಲಿಲ್ಲ.

“ಯಾರೋ ಏನು ಬಂತು ಮೇಡಂ, ದೋಣಿಯವನೇ. ನೀವೇ ನೋಡಿ” ಎಂದು ಫೋನನ್ನು ಮೇಜಿನ ಮೇಲೆ ತಳ್ಳಿದರು.

ಇನ್‌ಸ್ಪೆಕ್ಟರ್ ನೋಡಿದಳು. ಮಬ್ಬು ಬೆಳಕಿನಲ್ಲಿ ಕೆರೆ, ಕೆರೆಯಲ್ಲಿ ದೋಣಿ, ದೋಣಿಯಲ್ಲಿ ನಿಂತ ಮನುಷ್ಯ. ಅವನ ಕೈಯಲ್ಲಿ ಗರಗಸ. ಪಕ್ಕದಲ್ಲಿ, ಆಗಷ್ಟೇ ಸುಲಿದ ಮೂಳೆಯಂತೆ ಬೆಳ್ಳಗೆ, ಮರದ ಬುಡ. ನಡಿಗೆಗೆ ಬಂದವರೊಬ್ಬರು ದಡದಿಂದ ತೆಗೆದ ಚಿತ್ರ. ಅಷ್ಟು ಹೊತ್ತಿಗೆ ಅದು ಊರಿನ ಅರ್ಧ ಫೋನುಗಳನ್ನು ಸುತ್ತಿ ಬಂದಿತ್ತು.

ಆ ಮರ ಸಾಮಾನ್ಯದ್ದಲ್ಲ. ಕ್ಯಾಲೆಂಡರಿನಲ್ಲಿ, ಬ್ಯಾಂಕಿನ ಗೋಡೆಯ ಮೇಲೆ, ಬಿಸ್ಕತ್ತಿನ ಡಬ್ಬದ ಮುಚ್ಚಳದಲ್ಲಿ ಅದೇ ಇತ್ತು. ರಜೆಯ ದಿನ ಜನ ಸಾಲುಗಟ್ಟಿ ನಿಂತು ಒಂದೇ ಜಾಗದಿಂದ ಅದರ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ದೋಣಿಯ ಅಲೆಗೆ ಬೇರು ಸಡಿಲವಾಗುತ್ತದೆ, ಆ ಭಾಗದಲ್ಲಿ ದೋಣಿ ಓಡಾಟ ನಿಲ್ಲಿಸಬೇಕು ಎಂದು ನಗರಸಭೆ ಹೊರಟಿತ್ತು. ಕಳೆದ ತಿಂಗಳ ಸಭೆಯಲ್ಲಿ ದೋಣಿಯವನು ಎದ್ದು ನಿಂತು, ಎಲ್ಲರೆದುರಿಗೆ, “ನನ್ನ ಹೊಟ್ಟೆ ಮೇಲೆ ಹೊಡೆಯೋ ಮರವನ್ನ ಒಂದಿನ ನಾನೇ ಕಡಿದು ಹಾಕ್ತೀನಿ” ಅಂದಿದ್ದ.

“ಶುಕ್ರವಾರ ಹನ್ನೊಂದಕ್ಕೆ ನಗರಸಭೆ ಸಮಿತಿ ಕೂರುತ್ತೆ. ಅವನ ಲೈಸೆನ್ಸ್ ಅವತ್ತಿಗೆ ಮುಗೀತು” ಎಂದರು ಮೇಲ್ವಿಚಾರಕರು.

ಹೆಡ್ ಕಾನ್‌ಸ್ಟೆಬಲ್ ಎಫ್‌ಐಆರ್ ಬರೆಯಲು ಕುಳಿತ. ನಿವೃತ್ತಿಯ ಅಂಚಿನಲ್ಲಿದ್ದ ಅವನಿಗೆ ಯಾವುದೂ ಹೊಸದಾಗಿ ಕಾಣುತ್ತಿರಲಿಲ್ಲ. ಇದು ಮಾತ್ರ ಕಂಡಿತು.

“ಮರಕ್ಕೂ ಎಫ್‌ಐಆರ್ ಹಾಕೋ ಕಾಲ ಬಂತಲ್ಲ ಮೇಡಂ. ಮೃತರ ವಯಸ್ಸು ಎಷ್ಟು ಅಂತ ಬರೀಲಿ?”

“ಬುಡದಲ್ಲಿ ಉಂಗುರ ಇರುತ್ತೆ. ಎಣಿಸಿ ಬರೀರಿ” ಎಂದಳು ಅವಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಖಾಕಿ ತೊಟ್ಟವಳು ಎಂಬುದು ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರಿಂದ ಉಪಯೋಗವಾದ ಕೇಸು ಈವರೆಗೆ ಒಂದೂ ಇರಲಿಲ್ಲ.

ಒಂಬತ್ತು ಗಂಟೆಗೆ ಸ್ಥಳ ಪಂಚನಾಮೆ. ಚಹಾ ಅಂಗಡಿಯವನೂ ಸೈಕಲ್ ರಿಪೇರಿಯವನೂ ಪಂಚರು. ಮರ ತೊಡೆಯಷ್ಟು ದಪ್ಪ, ದಡದಿಂದ ಹತ್ತಿಪ್ಪತ್ತು ಹೆಜ್ಜೆ ದೂರ, ಮೊಣಕಾಲು ಮುಳುಗುವಷ್ಟು ನೀರು. ಉರುಳಿದ ಮರ ಎಲೆಯ ತಲೆಯನ್ನು ನೀರಿನಲ್ಲಿ ಹರಡಿಕೊಂಡು ಬಿದ್ದಿತ್ತು. ದೋಣಿಯವನು ದಡದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವನ ಪಕ್ಕದಲ್ಲಿ, ತಲೆ ತಗ್ಗಿಸದೆ, ಅವನ ಹೆಂಡತಿ.

“ಎಷ್ಟು ಹೊತ್ತಿಗೆ ಬಂದ್ರಿ?”

“ಆರು ಗಂಟೆ ಆಗಿತ್ತು ಮೇಡಂ.”

“ಗರಗಸ ಯಾಕೆ ಕೈಯಲ್ಲಿತ್ತು?”

“ಮರದ ಕೊಂಬೆ ದೋಣಿ ಹಗ್ಗದ ಮೇಲೆ ಬಿದ್ದಿತ್ತು. ಅದನ್ನ ಕೊಯ್ದು ಹಗ್ಗ ಬಿಡಿಸ್ಕೊಂಡೆ.”

“ಅದಕ್ಕೆ ಮೊದಲು?”

“ಮನೇಲಿ ಮಲಗಿದ್ದೆ.”

“ನೋಡಿದವರು?”

“ನಾನೇ ನೋಡಿದ್ದು” ಎಂದಳು ಹೆಂಡತಿ. “ಅವರ ಗೊರಕೆ ಪಕ್ಕದ ಮನೆಯವರಿಗೂ ಕೇಳಿಸಿರುತ್ತೆ, ಬೇಕಾದ್ರೆ ಕೇಳಿ. ಸಭೇಲಿ ಬಾಯಿ ಬಿಟ್ರು ನಿಜ ಮೇಡಂ. ಬಾಯಲ್ಲಿ ಮಾತ್ರ ಶೂರರು. ಮನೇಲಿ ಕೋಳಿ ಕೊಯ್ಯೋದೂ ನಾನೇ.”

“ನೀನು ಸ್ವಲ್ಪ ಸುಮ್ನಿರೇ” ಎಂದ ಗಂಡ.

“ನೀವು ಅವತ್ತು ಸುಮ್ನಿದ್ದಿದ್ರೆ ಇವತ್ತು ನಾನು ಸುಮ್ನಿರ್ತಿದ್ದೆ.”

ಇನ್‌ಸ್ಪೆಕ್ಟರ್ ಪ್ಯಾಂಟು ಮಡಚಿ ನೀರಿಗಿಳಿದಳು. ದೋಣಿಯವನ ಗರಗಸವನ್ನು ತರಿಸಿ, ಉರುಳಿದ ಮರದ ಕಾಂಡವನ್ನೇ ಬುಡಕ್ಕಿಂತ ಒಂದು ಮೊಳ ಮೇಲೆ, ಪಂಚರ ಎದುರಿಗೆ ಕೊಯ್ಯಿಸಿದಳು. ಹೆಡ್ ಕಾನ್‌ಸ್ಟೆಬಲ್ ಏದುಸಿರು ಬಿಡುತ್ತ ಎಳೆದ. ದಪ್ಪ ಹಲ್ಲಿನ ಹಳೆಯ ಗರಗಸ; ಕೊಯ್ದ ಮುಖದ ಮೇಲೆ ಉಳುಮೆಯ ಸಾಲಿನಂತೆ ಗೀರುಗಳೆದ್ದವು, ಅಂಚಿನ ನಾರು ಕಿತ್ತು ಬಂತು. ಬುಡದ ಮುಖವಾದರೋ ಬಡಗಿ ತೋಪಡಾ ಹೊಡೆದ ಹಲಗೆಯಷ್ಟು ನಯ. ಅದು ತೆಳುವಾದ, ಸಣ್ಣ ಹಲ್ಲಿನ ಗರಗಸದ ಕೆಲಸ.

“ಬರೀರಿ” ಎಂದಳು. “ಬುಡ ಕೊಯ್ದದ್ದು ಈ ಗರಗಸ ಅಲ್ಲ.”

“ಇನ್ನೊಂದು ಗರಗಸ ಇಟ್ಕೊಂಡಿರಬಾರದಾ ಮೇಡಂ?” ಮೇಲ್ವಿಚಾರಕರು ದಡದಿಂದಲೇ ಕೇಳಿದರು. ಪ್ರಶ್ನೆ ತಪ್ಪಲ್ಲ. ಅವನು ಕೊಯ್ಯಲಿಲ್ಲ ಎಂದಷ್ಟೇ ತೋರಿಸಿದರೆ ಊರಿನ ಫೋನುಗಳು ಒಪ್ಪುವುದಿಲ್ಲ. ಕೊಯ್ದವರು ಯಾರೆಂದು ತೋರಿಸಬೇಕು.

ಬುಡದ ಮೇಲೆ ಉಳಿದಿದ್ದ ಮರದ ಹಿಟ್ಟು ಒಣಗಿ ಹಗುರಾಗಿತ್ತು. ಮಳೆ ಬಿದ್ದಿದ್ದರೆ ಅಂಟಾಗಿ ಮೆತ್ತಿಕೊಳ್ಳುತ್ತಿತ್ತು. ರಾತ್ರಿ ಸುರಿದ ಮಳೆ ನಿಂತದ್ದು ನಾಲ್ಕರ ಸುಮಾರಿಗೆ ಎಂದು ಗಸ್ತಿನವರು ಹೇಳಿದ್ದರು. ಎಂದರೆ ಕೆಲಸ ನಡೆದದ್ದು ನಾಲ್ಕರಿಂದ ಆರರ ನಡುವೆ. ಅವಳು ದಡದುದ್ದಕ್ಕೂ ಬಗ್ಗಿ ನಡೆದಳು. ಕೆಸರಿನಲ್ಲಿ ಟ್ರೈಪಾಡಿನ ಕಾಲು ಊರಿದ ಗುರುತುಗಳು ಲೆಕ್ಕವಿಲ್ಲದಷ್ಟಿದ್ದವು. ಮಳೆಗೆ ಅವುಗಳ ಅಂಚು ಕರಗಿ ದುಂಡಾಗಿತ್ತು. ಮೂರು ಗುರುತುಗಳ ಅಂಚು ಮಾತ್ರ ಚೂಪಾಗಿತ್ತು. ಅವುಗಳ ಮುಂದೆ ಒಂದಿಷ್ಟು ಜಾಗದಲ್ಲಿ ಒಣ ಜೊಂಡಿನ ಕಡ್ಡಿಗಳನ್ನು ಬುಡಕ್ಕೇ ಮುರಿದು, ಎಡಕ್ಕೆ, ತುದಿಗೆ ತುದಿ ಕೂಡಿಸಿ ಒಟ್ಟಿ, ಮೇಲೆ ಒಂದು ಚಪ್ಪಟೆ ಕಲ್ಲು ಹೇರಲಾಗಿತ್ತು.

“ಒಲೆಗೆ ಅಂತ ಯಾರೋ ಮುರಿದಿಟ್ಟಿದ್ದಾರೆ” ಎಂದ ಹೆಡ್ ಕಾನ್‌ಸ್ಟೆಬಲ್.

“ಮಳೇಲಿ ನೆಂದ ಜೊಂಡು ಯಾವ ಒಲೆಗೆ?” ಅವಳು ಗುರುತುಗಳ ಹಿಂದೆ ಕುಕ್ಕರುಗಾಲಲ್ಲಿ ಕುಳಿತಳು. ಜೊಂಡು ತೆಗೆದ ಕಿಂಡಿಯಲ್ಲಿ ಕಂಡದ್ದು ಮರದ ಬುಡವಲ್ಲ. ಆಚೆಯ ದಡ, ನೀರು, ದೂರದ ಗುಡ್ಡದ ಸಾಲು. ದಡ ಅಲ್ಲಿ ಕೆರೆಯೊಳಕ್ಕೆ ಚಾಚಿತ್ತು; ಮರ ಇದ್ದದ್ದು ಬೆನ್ನ ಹಿಂದೆ, ಇನ್ನೊಂದು ಬದಿಯ ನೀರಿನಲ್ಲಿ.

“ಈ ಕೆರೇಲಿ ಆ ಮರಕ್ಕೆ ಬೆನ್ನು ಹಾಕಿ ಯಾರು ಮೇಡಂ ಫೋಟೋ ತೆಗೀತಾರೆ?”

“ನನ್ನ ಪ್ರಶ್ನೆನೂ ಅದೇ.”

ಗುರುತುಗಳ ಅಚ್ಚು ತೆಗೆದು, ಜೊಂಡಿನ ಕಟ್ಟನ್ನೂ ಕಲ್ಲನ್ನೂ ಜಪ್ತಿ ಮಾಡಿ ಪಂಚನಾಮೆಯಲ್ಲಿ ಸೇರಿಸಿದರು. ಕಲ್ಲಿಗೆ ಸಹಿ ಹಾಕುವಾಗ ಚಹಾ ಅಂಗಡಿಯವನ ಮುಖ ನೋಡುವ ಹಾಗಿತ್ತು.

ಊರಿನಲ್ಲಿ ಬೆಳಗಿನ ಬೆಳಕಿಗೆಂದು ಟ್ರೈಪಾಡ್ ಹೊತ್ತು ಕೆರೆಗೆ ಹೋಗುವವರು ಮೂವರೇ ಎಂದು ಎರಡು ದಿನದ ವಿಚಾರಣೆಯಲ್ಲಿ ತಿಳಿಯಿತು. ಗುರುವಾರ ಸಂಜೆ ಮೂವರೂ ಊರಿನ ಫೋಟೋ ಕ್ಲಬ್ಬು ಸೇರುವ ಸ್ಟುಡಿಯೋದಲ್ಲಿ ಸಿಕ್ಕರು. ಹಲ್ಲಿನ ಡಾಕ್ಟರು, ಬ್ಯಾಂಕಿನ ಕ್ಯಾಷಿಯರಮ್ಮ, ಸ್ಟುಡಿಯೋದ ಯಜಮಾನರು. ಯಜಮಾನರನ್ನು ಎಲ್ಲರೂ ಗುರುಗಳು ಎನ್ನುತ್ತಿದ್ದರು. ಒಂಟಿ ಮರವನ್ನು ಮೊಟ್ಟಮೊದಲು ಫೋಟೋ ತೆಗೆದವರು ಅವರೇ. ಬ್ಯಾಂಕಿನ ಗೋಡೆಯ ಮೇಲಿದ್ದದ್ದು ಆ ಚಿತ್ರ.

“ಮಂಗಳವಾರ ಬೆಳಿಗ್ಗೆ ಕೆರೆ ಹತ್ರ ಯಾರು ಹೋಗಿದ್ರಿ?”

“ಮಳೆ ಬಂದ ಬೆಳಿಗ್ಗೆ ಆಕಾಶ ಬೂದಿ ಬಳಿದ ಹಾಗಿರುತ್ತೆ ಮೇಡಂ” ಎಂದರು ಡಾಕ್ಟರು. “ಅಂಥಾ ಹೊತ್ತಲ್ಲಿ ಹುಚ್ಚರು ಮಾತ್ರ ಹೋಗ್ತಾರೆ.”

“ಅಂದ್ರೆ ನೀವು ಹೋಗಿದ್ರಿ ಅಂತಾಯ್ತು” ಎಂದರು ಕ್ಯಾಷಿಯರಮ್ಮ.

“ನಾನು ಮಲಗಿದ್ದೆ ತಾಯಿ. ನಿಮ್ಮ ಹಲ್ಲಾಣೆ.”

ಗುರುಗಳು ಒಂದು ಲೆನ್ಸನ್ನು ಬಟ್ಟೆಯಿಂದ ಒರೆಸುತ್ತ, “ನಾನೂ ಹೋಗಿರಲಿಲ್ಲ” ಎಂದರು.

ಮೂವರಲ್ಲಿ ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ಇನ್‌ಸ್ಪೆಕ್ಟರ್ ಚಹಾ ಕುಡಿದು ಎದ್ದಳು. ಬಾಗಿಲ ಬಳಿ ನಿಂತು, “ಒಂದು ಸಹಾಯ ಆಗಬೇಕಿತ್ತು. ನಮ್ಮ ಇಲಾಖೆ ಫೋಟೋಗ್ರಾಫರ್ ರಜೆ ಮೇಲಿದ್ದಾರೆ. ನಾಳೆ ಬೆಳಿಗ್ಗೆ ಬುಡದ್ದು ನಾಲ್ಕು ಒಳ್ಳೆ ಫೋಟೋ ತೆಗೆದುಕೊಡ್ತೀರಾ? ಒಬ್ಬೊಬ್ಬರೂ ಒಂದೊಂದು ಕಡೆಯಿಂದ” ಎಂದಳು. ಫೋಟೋಗ್ರಾಫರ್ ರಜೆ ಹಾಕಿದ್ದು ನಿಜ. ರಜೆ ಮಂಜೂರು ಮಾಡಿದವಳು ಅವಳೇ, ಅಂದು ಮಧ್ಯಾಹ್ನ.

ಶುಕ್ರವಾರ ಆರು ಗಂಟೆಗೆ ಮೂವರೂ ಬಂದರು. ಆಕಾಶ ತಿಳಿಯಾಗಿತ್ತು. ಅವಳು ಮೂವರನ್ನೂ ದೂರ ದೂರ ನಿಲ್ಲಿಸಿ, ಹೆಡ್ ಕಾನ್‌ಸ್ಟೆಬಲ್ ಜೊತೆ ಹಿಂದೆ ಉಳಿದಳು. ಡಾಕ್ಟರು ಬಾಯಿ ತೆರೆಸಿ ಹಲ್ಲು ನೋಡಿದಷ್ಟೇ ಚುರುಕಾಗಿ ಹತ್ತು ಚಿತ್ರ ತೆಗೆದು ಮುಗಿಸಿದರು. ಕ್ಯಾಷಿಯರಮ್ಮ ಹುಲ್ಲಿನ ಮೇಲೆ ಮಕಾಡೆ ಮಲಗಿ, ಬುಡವನ್ನು ಬಿಟ್ಟು, ಹುಲ್ಲಿನ ತುದಿಗೆ ಕೂತಿದ್ದ ಒಂದು ಕೆಂಪು ಹುಳುವಿನ ಹಿಂದೆ ಬಿದ್ದರು.

ಗುರುಗಳು ಟ್ರೈಪಾಡ್ ಊರಿದರು. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದರು. ಬದಿಗೆ ಬಂದು, ಬಗ್ಗಿ, ಮುಂದೆ ನಿಂತಿದ್ದ ಒಣ ಜೊಂಡಿನ ಕಡ್ಡಿಯೊಂದನ್ನು ಬುಡಕ್ಕೆ ಮುರಿದರು. ಮತ್ತೆ ಕಣ್ಣಿಟ್ಟರು. ಇನ್ನೊಂದು ಮುರಿದರು. ಮುರಿದದ್ದನ್ನೆಲ್ಲ ಎಡಕ್ಕೆ, ತುದಿಗೆ ತುದಿ ಕೂಡಿಸಿ ಇಟ್ಟರು. ಆಮೇಲೆ ಸುತ್ತ ನೋಡಿ, ಚಪ್ಪಟೆ ಕಲ್ಲೊಂದನ್ನು ಆರಿಸಿ ಮೇಲೆ ಹೇರಿದರು.

ಹೆಡ್ ಕಾನ್‌ಸ್ಟೆಬಲ್ ನೋಟ್‌ಬುಕ್ ತೆರೆದು ಗಂಟೆ ಬರೆದುಕೊಂಡ.

“ಕಲ್ಲು ಯಾಕೆ ಗುರುಗಳೇ?” ಅವಳು ಹತ್ತಿರ ಹೋಗಿ ಕೇಳಿದಳು.

“ಗಾಳಿಗೆ ಹಾರಿ ಮತ್ತೆ ಫ್ರೇಮಿಗೆ ಬರ್ತಾವೆ.”

“ಇದು ಕೇಸಿಗೆ ಬೇಕಾದ ಫೋಟೋ. ಜೊಂಡು ಇದ್ದಿದ್ರೂ ನಡೀತಿತ್ತು.”

“ಅಡ್ಡ ಇರೋದು ಗೊತ್ತಿದ್ದೂ ಫೋಟೋ ಹೇಗೆ ತೆಗೆಯೋದು?” ಎಂದರು ಅವರು. ಡಾಕ್ಟರು ದೂರದಿಂದಲೇ, “ಅವರು ಹಾಗೇ ಮೇಡಂ. ಇರುವೆ ಬಂದ್ರೂ ಕೈ ಹಿಡಿದು ದಾಟಿಸಿ ಆಮೇಲೆ ಕ್ಲಿಕ್ ಮಾಡ್ತಾರೆ” ಎಂದು ನಕ್ಕರು.

“ದಪ್ಪ ಕೊಂಬೆ ಅಡ್ಡ ಬಂದ್ರೆ?”

ಗುರುಗಳ ಕಣ್ಣು ಒಂದು ಗಳಿಗೆ ತಮ್ಮ ಬ್ಯಾಗಿನ ಕಡೆ ಹೋಗಿ ಬಂತು.

ಆರೂಮುಕ್ಕಾಲಿಗೆ, ಅದೇ ಇಬ್ಬರು ಪಂಚರ ಸಮಕ್ಷಮ ಬ್ಯಾಗು ಶೋಧಿಸಲಾಯಿತು. ಪಕ್ಕದ ಜೇಬಿನಲ್ಲಿ ಗೇಣಿಗೂ ಮಿಕ್ಕಿದ ಹಿಡಿಯ ಮಡಚುವ ಗರಗಸ. ಹಲ್ಲು ಸಣ್ಣದು, ಅಲಗು ತೆಳು. ಮಡಿಕೆಯ ಸಂದಿಯಲ್ಲಿ ಬಿಳಿಯ ಹಿಟ್ಟು. ಅದರಿಂದ ಅದೇ ಕಾಂಡವನ್ನು ಇನ್ನೊಮ್ಮೆ ಕೊಯ್ಯಿಸಿದರು. ಮುಖ ನಯವಾಗಿ ಬಂತು. ಟ್ರೈಪಾಡಿನ ಕಾಲು ಅಚ್ಚಿಗೆ ಹೊಂದಿತು. ಡಾಕ್ಟರು ತಮ್ಮ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ಕ್ಯಾಷಿಯರಮ್ಮ ಮಾತ್ರ, “ಗುರುಗಳೇ, ಅಲ್ಲ ಅನ್ನಿ” ಎಂದರು. ಅವರು ಟ್ರೈಪಾಡಿನ ಕಾಲು ಮಡಚಿ ಹೆಡ್ ಕಾನ್‌ಸ್ಟೆಬಲ್ ಕೈಗೆ ಕೊಟ್ಟರು.

ಠಾಣೆಯಲ್ಲಿ ಕೇಳಿದ್ದಕ್ಕೆಲ್ಲ ಗುರುಗಳು ನೆಟ್ಟಗೆ ಉತ್ತರ ಕೊಟ್ಟರು.

“ಒಬ್ಬರೇ ಹೋಗಿದ್ರಾ?”

“ಒಬ್ಬನೇ.”

“ಎಷ್ಟು ಹೊತ್ತು ಹಿಡೀತು?”

“ಅರ್ಧ ಗಂಟೆ ಮೇಲೆ. ಕೈ ಸೋತಿತ್ತು.”

“ದೋಣಿಯವನ ಫೋಟೋ ನಿಮ್ಮ ಫೋನಿಗೂ ಬಂದಿತ್ತಾ?”

“ಬಂತು.”

“ನೋಡಿ ಸುಮ್ಮನಿದ್ರಿ.”

“ಸುಮ್ಮನಿದ್ದೆ.” ಅವರು ಮೇಜಿನ ಅಂಚನ್ನು ನೋಡಿದರು. “ಸಮಿತಿ ಕೂರೋದರ ಒಳಗೆ ಬಂದು ಹೇಳ್ತೀನಿ ಅಂದ್ಕೊಂಡೆ. ಅಂದ್ಕೋತಾನೇ ಇದ್ದೆ.”

“ಕಡಿದದ್ದು ಯಾಕೆ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇಪ್ಪತ್ತು ವರ್ಷದ ಹಿಂದೆ ಆ ಮರವನ್ನ ಯಾರೂ ನೋಡ್ತಿರಲಿಲ್ಲ. ಒಂದು ಬೆಳಿಗ್ಗೆ ನನಗೆ ಕಾಣಿಸ್ತು. ಒಳ್ಳೆ ಫೋಟೋ ಬಂತು. ಆಮೇಲೆ ನನಗೆ ಬೇರೇನೂ ಕಾಣಿಸಲಿಲ್ಲ ಮೇಡಂ. ಮೋಡಕ್ಕೆ ಅಂತ ಹೋದರೂ ಕಣ್ಣು ಅತ್ತಲೇ. ಜೇಡರ ಬಲೆಗೆ ಬಗ್ಗಿದರೂ ಅದು ಬೆನ್ನ ಹಿಂದೆ ನಿಂತಿರೋದು ಗೊತ್ತಾಗ್ತಿತ್ತು. ಕ್ಲಬ್ಬಿನವರು ಎಲೆ ಮೇಲಿನ ಹನಿ, ಕೆಸರಿನ ಬಿರುಕು, ಗರಿ, ಹುಳು ಎಲ್ಲಾ ತೆಗೆದು ತರ್ತಾರೆ. ಅದೇ ದಡದ್ದು. ಗುರುಗಳೇ ಹೇಗಿದೆ ಅಂತಾರೆ. ಚೆನ್ನಾಗಿದೆ ಅಂತೀನಿ. ನಾನೂ ಅದೇ ದಡದ ಮೇಲೇ ನಿಂತಿದ್ದೆನಲ್ಲ, ಇಷ್ಟು ವರ್ಷ.”

“ಮರ ಹೋದ್ರೆ ಕಾಣುತ್ತೆ ಅಂತ?”

“ಅಡ್ಡ ಇದ್ದದ್ದನ್ನ ತೆಗೆಯೋದು ನನಗೆ ಅಭ್ಯಾಸ.”

ಹತ್ತೂವರೆಗೆ ಹೆಡ್ ಕಾನ್‌ಸ್ಟೆಬಲ್ ತನಿಖಾ ವರದಿಯ ಪ್ರತಿಯನ್ನು ಖುದ್ದಾಗಿ ಸಮಿತಿಗೆ ತಲುಪಿಸಿ ಬಂದ. ಲೈಸೆನ್ಸು ಉಳಿಯಿತು. ಜಪ್ತಿಯಾದ ಗರಗಸ ಯಾವಾಗ ಸಿಗುತ್ತದೆ ಎಂದು ಕೇಳಲು ದೋಣಿಯವನು ಹೆಂಡತಿಯೊಡನೆ ಬಂದಿದ್ದ. ವಿಷಯ ತಿಳಿದು, “ಆ ಯಜಮಾನರಾ?” ಎಂದು ಅಲ್ಲೇ ಬೆಂಚಿನ ಮೇಲೆ ಕೂತ. “ನನ್ನ ದೋಣೀಲಿ ಕೂತವರಲ್ಲ ಅವರು, ಒಂದಿನಾನೂ. ಮರಾನ ಬೈಕೊಂಡೇ ಇದ್ದೆ ನಾನು. ಈಗ ಮಂಜಲ್ಲಿ ವಾಪಸ್ ಬರೋವಾಗ ದಡ ಎತ್ತ ಅಂತ ಗೊತ್ತಾಗಲ್ಲ ಮೇಡಂ.”

“ಅದನ್ನ ಮತ್ತೆ ಸಭೇಲಿ ಹೇಳಬೇಡಿ” ಎಂದು ಹೆಂಡತಿ ಅವನನ್ನು ಕರೆದುಕೊಂಡು ಹೋದಳು.

ಗುರುಗಳ ಕ್ಯಾಮೆರಾದ ಕಾರ್ಡಿನಲ್ಲಿ ಮಂಗಳವಾರ ಬೆಳಗಿನದು ಒಂದೇ ಚಿತ್ರವಿತ್ತು. ಕಡತಕ್ಕೆಂದು ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿದ್ದರು. ಹೆಡ್ ಕಾನ್‌ಸ್ಟೆಬಲ್ ಬೆಳಕಿಗೆ ಹಿಡಿದು ನೋಡಿ, “ಇದರಲ್ಲಿ ಏನೂ ಇಲ್ಲವಲ್ಲ” ಎಂದು ಮೇಜಿನ ಮೇಲಿಟ್ಟ.

ಏನೂ ಇಲ್ಲವೆನ್ನುವಂತಿರಲಿಲ್ಲ. ಮಳೆ ಮುಗಿದು ಒಡೆಯುತ್ತಿದ್ದ ಮೋಡ ಇತ್ತು. ಗುಡ್ಡದ ಸಾಲಿತ್ತು. ಎಡಗಡೆ ನೀರಿನ ಅಂಚಿನಲ್ಲಿ ಕಲ್ಲುಗಳು, ಕಲ್ಲಿನ ಮೇಲೆ ಮುದುಡಿ ಕೂತ ಒಂದು ಹಕ್ಕಿ. ಎಲ್ಲವೂ ಎಡಗಡೆಗೇ ಒತ್ತಿಕೊಂಡಿದ್ದವು. ಬಲಗಡೆಯ ಮೂರನೆಯ ಒಂದು ಪಾಲು ಬರೀ ನೀರು, ಬರೀ ಆಕಾಶ. ಬ್ಯಾಂಕಿನ ಗೋಡೆಯ ಚಿತ್ರದಲ್ಲಿ ಮರ ನಿಂತಿದ್ದದ್ದು ಚೌಕಟ್ಟಿನ ಸರಿಯಾಗಿ ಅದೇ ಜಾಗದಲ್ಲಿ.

ಅವಳು ಚಿತ್ರವನ್ನು ಗುರುಗಳ ಕಡೆ ತಿರುಗಿಸಿದಳು.

“ಈ ಕಡೆ ಇಷ್ಟು ಜಾಗ ಯಾಕೆ ಬಿಟ್ರಿ?”

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಕನ್ನಡಕ ತೆಗೆದು, ಬಂಧನದ ಮೆಮೊ ಎಲ್ಲಿದೆ ಎಂದು ಕೇಳಿ, ತೋರಿಸಿದ ಕಡೆ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುವಾಗ, “ಬಿಟ್ಟಿದ್ದೀನಿ ಅಂತ ಗೊತ್ತೇ ಆಗಲಿಲ್ಲ” ಎಂದರು.