ಮಿಡತೆಯ ರೆಕ್ಕೆಯಲ್ಲಿ ಮೂರು ಗಂಟು

"ಅದ ಬಿಚ್ಬ್ಯಾಡ ಕಣಪ್ಪಾ. ಬಿಚ್ಚಿದ್ರೆ ಅದು ಎದ್ಬಿಡ್ತದೆ."

ಬೈರಮ್ಮ ಹೊಸ್ತಿಲಾಚೆ ನಿಂತೇ ಹೇಳಿದಳು. ಎಂಬತ್ತು ದಾಟಿದ ಆ ಮುದುಕಿ ಶೆಡ್ಡಿನೊಳಗೆ ಒಂದು ಕಾಲೂ ಇಡಲಿಲ್ಲ. ಮೋಹನ್ ಕೈಯಲ್ಲಿದ್ದ ಚಾಕುವನ್ನು ಪ್ಯಾಂಟಿಗೆ ಒರೆಸಿಕೊಂಡು ನಕ್ಕ.

"ಏಳ್ಲಿ ಅಂತಾನೇ ಅಲ್ವಾ ಅಜ್ಜಿ ನಾನಿದನ್ನ ತಗೊಂಡಿರೋದು!"

ಹೊಸೂರಿನ ತಳಿ ರಸ್ತೆಯ ಗುಲಾಬಿ ತೋಟವೊಂದರ ಹಿಂದೆ ಮೂವತ್ತೈದು ವರ್ಷದಿಂದ ಬೀಗ ಜಡಿದುಕೊಂಡಿದ್ದ ಶೆಡ್ಡು ಅದು. ನಡುಮಧ್ಯಾಹ್ನವೂ ಒಳಗೆ ಕತ್ತಲೆ. ಬಾವಲಿ ಹಿಕ್ಕೆಯ ಘಾಟು, ತುಕ್ಕಿನ ವಾಸನೆ, ಅವುಗಳ ಅಡಿಯಲ್ಲಿ ಎಂದೋ ಆರಿದ ಬೀಡಿಯ ಕಮಟು. ಆ ಕತ್ತಲೆಯಲ್ಲಿ ವಿಮಾನವೊಂದು ಮೂಗು ಮೇಲೆತ್ತಿ ಕೂತಿತ್ತು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮರದ ಎಲುಬು, ಅದಕ್ಕೆ ಬಟ್ಟೆಯ ಹೊದಿಕೆ, ಮುಂದೊಂದು ಹಿಂದೊಂದು ತೆರೆದ ಸೀಟು. ಊರಿನವರ ಬಾಯಲ್ಲಿ ಅದು ಮಿಡತೆ. ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹನ್ನೊಂದು ವರ್ಷ ಪಾಠ ಹೇಳಿ, ಕ್ಲಬ್ಬು ಮುಚ್ಚಿದ ಮೇಲೆ ಹೊಸೂರಿನ ಕಾರ್ಖಾನೆಯಲ್ಲಿ ಮೆಷಿನ್ ಕಾಯುತ್ತಿದ್ದ ಮೋಹನ್‌ಗೆ ಅದನ್ನು ಕಂಡ ದಿನದಿಂದ ಊಟ ಸೇರಲಿಲ್ಲ. ಇದನ್ನು ಹಾರಿಸಬೇಕು, ಜನರೆದುರು ಆಕಾಶದಲ್ಲಿ ಲಾಗ ಹಾಕಿಸಬೇಕು. ಅವನ ತಲೆಯಲ್ಲಿ ಬೇರೆ ಯೋಚನೆಗೆ ಜಾಗವೇ ಇರಲಿಲ್ಲ.

ಅವತ್ತು ಕೊಳೆತ ಬಟ್ಟೆ ಸೀಳುವಾಗ ಎಡ ರೆಕ್ಕೆಯ ಎಲುಬಿಗೆ ಕಟ್ಟಿದ ಒಂದು ಗಂಟು ಸಿಕ್ಕಿತ್ತು. ಸುರುಳಿ ಸುತ್ತಿದ ತಾಮ್ರದ ತಗಡು, ಒಂದು ಹಿಡಿ ಕೂದಲು, ಎರಡನ್ನೂ ಬಿಗಿದ ಕಪ್ಪಿಟ್ಟ ಅರಿಶಿನದ ದಾರ.

"ನಮ್ಮನೆಯೋರು ಚಿನ್ನಸ್ವಾಮಿ ಅಂತ," ಬೈರಮ್ಮ ಹೇಳಿದಳು. "ಇದನ್ನ ಹಾರಿಸ್ತಿದ್ದ ತೋಟದ ಸಾವ್ಕಾರ್ನ ಜತೆ ಮುಂದ್ಲ ಸೀಟ್ನಾಗೆ ಬೀಡಿ ಕಚ್ಕೊಂಡು ಕುಂತಿದ್ರು. ಬೆಲ್ಟು ಹಾಕ್ದೆನೇ ಸಾವ್ಕಾರ ಮೇಲೋಗಿ ತಲೆಕೆಳಗು ಮಾಡ್ಬುಟ್ಟ. ರಾಗಿ ಹೊಲ್ದಾಗೆ ಬಿದ್ರು. ನಂಗೆ ಹೊಟ್ಟೆ ಉರೀತು. ಮಾಟ ಮಾಡಿಸ್ದೆ. ತಿಂಗ್ಳೊಳಗೆ ಸಾವ್ಕಾರ್ನೂ ಹಂಗೇ ಬಿದ್ದ. ಇಮಾನ ಮಾತ್ರ ತಾನೇ ಬಂದು ಇಳೀತು. ಒಬ್ರೂ ಇಲ್ದೆ."

ಮುದುಕಿ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಅದ್ಕೆ ರುಚಿ ಹತ್ಬುಟ್ಟಿತ್ತು. ನಂಗೇ ಭಯ ಆಯ್ತು. ನನ್ನ ತಾಳಿ ದಾರನೇ ಕೊಟ್ಟು ಕಟ್ಟಾಕಿಸ್ದೆ. ಅದೇ ಅದು."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಬೇಡದ ಒಂದು ಮೊಳೆಯೂ ವಿಮಾನದೊಳಗೆ ಇರಬಾರದು ಎನ್ನುವುದು ಮೋಹನ್ ಕಲಿತ ವಿದ್ಯೆ. ಬಿಚ್ಚುವ ತಾಳ್ಮೆಯೂ ಇಲ್ಲದೆ ಚಾಕುವಿನಿಂದ ಕುಯ್ದು, ಹಳೆಯ ಬಟ್ಟೆಯ ಜೊತೆ ಅದನ್ನೂ ಬೆಂಕಿಗೆ ಹಾಕಿದ. ಸುಟ್ಟ ಕೂದಲಿನ ವಾಸನೆ ಮೂರು ದಿನ ಅವನ ಕೈಯಿಂದ ಹೋಗಲಿಲ್ಲ. ಅವನು ಸೋಪನ್ನು ಬೈದುಕೊಂಡ.

ಅವನ ಹೆಂಡತಿ ಸಿಂಧು ಇಷ್ಟನ್ನೂ ಕೇಳುತ್ತ ಮೂಲೆಯಲ್ಲಿ ಕೂತಿದ್ದಳು.

ರೆಕ್ಕೆಗೆ ಹೊಸ ಬಟ್ಟೆ ಹೊಲಿದವಳು ಅವಳೇ. ಮೂಕಂಡಪಲ್ಲಿಯ ಬಾಡಿಗೆ ಮನೆಯಿಂದ ದಿನಾ ಗಾರ್ಮೆಂಟ್ಸಿಗೆ ಹೋಗಿ ಬರುತ್ತಿದ್ದ ಅವಳ ಕೈಗೆ ಸೂಜಿ ಹೊಸದಲ್ಲ. ಪ್ರತಿ ಭಾನುವಾರ ಬುತ್ತಿ ಕಟ್ಟಿಕೊಂಡು ಇಬ್ಬರೂ ಶೆಡ್ಡಿಗೆ ಬರುತ್ತಿದ್ದರು. ಮೊಳದುದ್ದದ ಸೂಜಿಯನ್ನು ಅವಳು ಮೇಲಿಂದ ಚುಚ್ಚಿದರೆ ಅವನು ಕೆಳಗಿಂದ ಎಳೆದು ಕೊಡಬೇಕು. ಗೇಣಿಗೊಂದು ಹೊಲಿಗೆ, ಹೊಲಿಗೆಗೊಂದೇ ಗಂಟು.

"ಮದ್ವೇಲಿ ಮೂರು ಗಂಟು ಹಾಕೋಕೆ ನಿಮ್ ಕೈ ಗಡಗಡ ಅಂತಿತ್ತು," ಎಂದು ಅವಳು ನಗುವಳು. "ಈಗ ನಂಗೇ ಗಂಟು ಹಾಕೋದು ಕಲಿಸ್ತೀರಾ!"

ಅವನಿಗೆ ವಿಮಾನದ ಹುಚ್ಚು, ಅವಳಿಗೆ ಅವನ ಹುಚ್ಚು. ಮಕ್ಕಳಿಲ್ಲದ ಆ ಇಬ್ಬರೂ ರಿಪೇರಿ ನಡೆದ ಆ ಎರಡು ವರ್ಷ ಬಹಳ ಸುಖವಾಗಿದ್ದರು, ಅದನ್ನು ಇಲ್ಲೇ ಹೇಳಿಬಿಡಬೇಕು.

ಎರಡು ಸಾವಿರದ ಏಳರ ಡಿಸೆಂಬರಿನಲ್ಲಿ ತೋಟದ ಹತ್ತಿರದ ಖಾಸಗಿ ರನ್‌ವೇಯಿಂದ ಮಿಡತೆ ಮೊದಲ ಸಲ ಎದ್ದಿತು. ಅದನ್ನು ಒಬ್ಬನೇ ಹಾರಿಸುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು, ಮುಂದಿನ ಖಾಲಿ ಸೀಟಿನ ಬೆಲ್ಟನ್ನು ಬಿಗಿದು ಬಕಲ್ ಹಾಕಿಡಬೇಕು. ಮೋಹನ್ ಹಾಗೆಯೇ ಮಾಡಿದ್ದ. ಮೇಲೆ ಹೋದಾಗ ಮುಂದಿನ ಸೀಟಿನಿಂದ ಬೀಡಿಯ ವಾಸನೆ ಬಂತು. ಇಳಿದು ನೋಡಿದರೆ ಬಕಲ್ ಬಿಚ್ಚಿತ್ತು. ಹಳೆಯದೆಂದು ಬಕಲ್ ಬದಲಾಯಿಸಿದ. ಎರಡನೆಯ ಸಲವೂ ಬಿಚ್ಚಿತ್ತು. ಮೂರನೆಯ ಸಲ ತಂತಿ ಸುತ್ತಿ ಬಿಗಿದ. ಇಳಿದಾಗ ತಂತಿ ಸೀಟಿನ ಮೇಲೆ ನೆಟ್ಟಗೆ ಬಿದ್ದುಕೊಂಡಿತ್ತು, ಯಾರೋ ಬಿಡಿಸಿ ಇಟ್ಟ ಹಾಗೆ.

"ನಿಲ್ಸಿಬಿಡಿ ರೀ," ಎಂದಳು ಸಿಂಧು. "ನಿಮ್ಗೆ ಕೈ ಮುಗೀತೀನಿ."

"ಬೆಲ್ಟು ಬಿಚ್ಕೊಂಡ್ರೆ ದೆವ್ವನಾ? ಅದು ಅದುರು ಕಣೇ. ಇಂಜಿನ್ ಅದುರು."

ಮುಂದಿನ ಭಾನುವಾರ ಅವಳು ಬೈರಮ್ಮನ ಗುಡಿಸಲಿಗೆ ಹೋಗಿಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಎಡ ರೆಕ್ಕೆಯಲ್ಲಿ ಸಣ್ಣ ಹರಕು ಬಿದ್ದಿದೆ ಎಂದು ತಾನೊಬ್ಬಳೇ ಕೂತು ಹೊಲಿದಳು. ತಪಾಸಣೆ ಮಾಡುವಾಗ ಅವನ ಬೆರಳಿಗೆ ಒಂದು ಹೊಲಿಗೆ ಉಬ್ಬಾಗಿ ಸಿಕ್ಕಿತು.

"ಇಲ್ಯಾಕೆ ಮೂರು ಗಂಟು? ಒಂದು ಸಾಕು ಅಂತ ಹೇಳಿಲ್ವಾ?"

"ಇರ್ಲಿ ಬಿಡಿ. ಗಟ್ಟಿ ಇರ್ಲಿ."

ಅದರ ಮೇಲೆ ಅವನೇ ಡೋಪ್ ಬಳಿದ. ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿಗೊಳಿಸುವ ಆ ಮೆರುಗೆಣ್ಣೆಯ ಕಟು ವಾಸನೆಗೆ ಇಬ್ಬರ ಕಣ್ಣಲ್ಲೂ ನೀರು. ಅವಳ ಕಣ್ಣೀರು ಬೇರೆಯದೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಅಂದಿನಿಂದ ಅವಳು ಸೆರಗನ್ನು ಕುತ್ತಿಗೆ ತುಂಬ ಸುತ್ತಿಕೊಳ್ಳತೊಡಗಿದಳು. ಚಳಿ ಎಂದಳು, ಅವನು ನಂಬಿದ.

ಫೆಬ್ರವರಿಯ ಎರಡನೇ ಭಾನುವಾರ ಪ್ರದರ್ಶನ. ಖಾಸಗಿ ರನ್‌ವೇಯ ಬೇಲಿಗುಂಟ ಬಾಗಲೂರು, ತಳಿ, ಹೊಸೂರಿನ ಜನ ಜಾತ್ರೆಯಂತೆ ನೆರೆದಿದ್ದರು. ಕನಕಾಂಬರದ ನಡುವೆ ಮರುಗ ಸೇರಿಸಿ ಕಟ್ಟಿದ ಹೂ ಮುಡಿದು ಸಿಂಧು ಮುಂದೆಯೇ ನಿಂತಿದ್ದಳು. ಅವನು ಕೈ ಬೀಸಿದ. ಅವಳು ಒಂದು ಕೈ ಬೀಸಿದಳು, ಇನ್ನೊಂದು ಕೈ ಕುತ್ತಿಗೆಯ ಸೆರಗಿನ ಮೇಲೆಯೇ ಇತ್ತು.

ಮೊದಲ ಲಾಗ ಸಲೀಸಾಗಿ ಬಂತು. ಎರಡನೆಯದೂ ಬಂತು. ಕೆಳಗಿನ ಸಿಳ್ಳೆ ಮೇಲಕ್ಕೆ ಕೇಳಿಸದಿದ್ದರೂ ಅವನಿಗೆ ಕೇಳಿಸಿದಂತೆಯೇ ಆಯಿತು.

ಮೂರನೆಯದಕ್ಕೆ ವಿಮಾನವನ್ನು ಮಗುಚಿ ಹಾಕಿದ. ಭೂಮಿ ತಲೆಯ ಮೇಲೆ ಬಂತು. ಹಸಿರು ಹೊಲ. ಬೇಲಿ. ಜನ. ಆಗ ಬೀಡಿಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಮುಂದಿನ ಸೀಟಿನ ಬೆಲ್ಟು ತಾನಾಗಿ ಬಿಚ್ಚಿ ಗಾಳಿಗೆ ಪಟಪಟ ಬಡಿಯಿತು. ಅಲ್ಲಿ ಒಂದು ತಲೆ. ಎಣ್ಣೆಯಿಲ್ಲದ ಕೆದರಿದ ಕೂದಲು. ಅದು ಮೆಲ್ಲಗೆ ಹಿಂದಕ್ಕೆ ತಿರುಗತೊಡಗಿತು.

ಕ್ಲಿಕ್.

ಅವನದೇ ಎದೆಯ ಮೇಲಿನ ಬಕಲ್.

ಮೈ ಸೀಟಿನಿಂದ ಕಳಚಿತು. ಕೈ ಜಾರಿತು. ಕಾಲು ಜಾರಿತು. ಬೆರಳಿಗೆ ಏನೂ ಸಿಕ್ಕಲಿಲ್ಲ. ಸಿಂಧೂ ಎಂದು ಕೂಗಿದ. ಗಾಳಿ ಕೂಗನ್ನೂ ಕಿತ್ತುಕೊಂಡು ಹೋಯಿತು.

ಆಗ ಏನೋ ಅವನನ್ನು ಹಿಡಿಯಿತು. ಸಣ್ಣ ದಾರದಂಥದ್ದು. ಎದೆಯನ್ನು ಸುತ್ತಿ ಬಿಗಿಯಿತು. ಎಳೆಯಿತು. ಅವನ ಇಡೀ ಭಾರ ಆ ಒಂದೆಳೆಯಲ್ಲಿ ನೇತಾಡಿತು. ಬೀಡಿಯ ವಾಸನೆ ಆರಿಹೋಗಿ ಮರುಗದ ಘಮ ತುಂಬಿಕೊಂಡಿತು. ಅವನ ಕೈ ಮುಟ್ಟದೆಯೇ ಕಾಲ ನಡುವಿನ ಚಾಲನೆಯ ಕಡ್ಡಿ ಪಕ್ಕಕ್ಕೆ ವಾಲಿತು. ವಿಮಾನ ಹೊರಳಿತು. ಆಕಾಶ ಮೇಲಾಯಿತು. ಅವನು ಸೀಟಿಗೆ ಧೊಪ್ಪನೆ ಬಿದ್ದ. ಮುಂದಿನ ಸೀಟು ಖಾಲಿಯಿತ್ತು.

ಹೇಗೆ ಇಳಿಸಿದನೋ ಅವನಿಗೇ ತಿಳಿಯದು. ಚಕ್ರ ನಿಲ್ಲುವ ಮೊದಲೇ ಹಾರಿ ಬೇಲಿಯತ್ತ ಓಡಿದ. ಜನ ಚಪ್ಪಾಳೆ ತಟ್ಟುತ್ತಿರಲಿಲ್ಲ, ಗುಂಪುಗಟ್ಟಿ ಕೆಳಗೆ ನೋಡುತ್ತಿದ್ದರು.

ಸಿಂಧು ಹುಲ್ಲಿನ ಮೇಲೆ ಮಲಗಿದ್ದಳು. ಕಣ್ಣು ತೆರೆದು ಆಕಾಶವನ್ನೇ ನೋಡುತ್ತಿತ್ತು. ಸೆರಗು ಜಾರಿದ ಬರಿಗುತ್ತಿಗೆಯ ಸುತ್ತ ದಾರದಷ್ಟೇ ತೆಳುವಾದ ಒಂದು ನೀಲಿ ಗೆರೆ.

ಡಾಕ್ಟರು ಹೃದಯ ನಿಂತಿದೆ ಎಂದು ಬರೆದುಕೊಟ್ಟರು. ಮಾರನೆಯ ಬೆಳಿಗ್ಗೆ ಮೂಕಂಡಪಲ್ಲಿಯ ಮನೆಯಲ್ಲಿ ಅವಳನ್ನು ಮೀಯಿಸಿ, ಅರಿಶಿನ ಹಚ್ಚಿ, ಹೂ ಮುಡಿಸಿದ ಹೆಂಗಸರಲ್ಲಿ ಹಿರಿಯಳಾದ ಸಾಕಮ್ಮ ಹೊರಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಮುತ್ತೈದೆ ಹೆಣ ಕಣಪ್ಪ. ತಾಳಿ ಎಲ್ಲಿ?"

ಮೋಹನ್ ಎದ್ದು ಬೈಕು ಹತ್ತಿದ.

ಮಿಡತೆ ರನ್‌ವೇಯ ಅಂಚಿನಲ್ಲಿ ಇಬ್ಬನಿಯಲ್ಲಿ ನೆನೆಯುತ್ತ ನಿಂತಿತ್ತು. ಎಡ ರೆಕ್ಕೆಯ ಪಕ್ಕ ಬೈರಮ್ಮ ಕೂತಿದ್ದಳು. ಅವನು ಬೆರಳಾಡಿಸಿ ಆ ಮೂರು ಗಂಟನ್ನು ಹುಡುಕಿ ಬಟ್ಟೆ ಸೀಳಿದ. ಎಲುಬಿಗೆ ಸುತ್ತಿಕೊಂಡಿತ್ತು ಸಿಂಧುವಿನ ಅರಿಶಿನದ ದಾರ. ತಾಳಿಯ ಬೊಟ್ಟು ಇನ್ನೂ ಬೆಚ್ಚಗಿತ್ತು.

"ನಾನು ಹೇಳ್ದೆ ಕಣಪ್ಪಾ ಅವ್ಳಿಗೆ," ಬೈರಮ್ಮ ಅಳುತ್ತ ಹೇಳಿದಳು. "ನಂದು ಸತ್ತೋನ ದಾರ, ಇಮಾನನ ನೆಲಕ್ಕೆ ಕಟ್ತು. ನಿಂದು ಬದ್ಕಿರೋನ ದಾರ, ಅವನ್ನ ಬೀಳ್ದಂಗೆ ಹಿಡೀತದೆ, ಆದ್ರೆ ಭಾರವೆಲ್ಲ ನಿನ್ ಕುತ್ಗೆಗೆ ಬೀಳ್ತದೆ ಅಂತ. ಅವ್ಳು ನಕ್ಬುಟ್ಳು. 'ನಮ್ಮನೆಯೋರೇನು ಅಂಥಾ ಭಾರ ಇಲ್ಲ ಅಜ್ಜಿ' ಅಂದ್ಳು."

ಮೋಹನ್ ರೆಕ್ಕೆಗೆ ಹಣೆ ಹಚ್ಚಿ ಹೋ ಎಂದು ಅತ್ತ. ಆಮೇಲೆ ಚಾಕುವನ್ನು ದಾರದ ಹತ್ತಿರ ತಂದ.

"ತಗಂಡೋದ್ರೆ ಅದು ಮತ್ತೆ ಏಳ್ತದೆ," ಎಂದಳು ಮುದುಕಿ.

"ಸುಟ್ಟು ಹಾಕ್ತೀನಿ ಇದನ್ನ!"

"ಅವ್ಳೂ ಒಳಗವ್ಳೆ ಕಣಪ್ಪಾ."

ಅಲ್ಲಿ ಮನೆಯಲ್ಲಿ ಹೆಣ ಕಾಯುತ್ತಿತ್ತು. ಇಲ್ಲಿ ಸಣ್ಣ ಗಾಳಿಗೆ ಮಿಡತೆ ಚಕ್ರದ ಮೇಲೆ ಒಂದಿಷ್ಟು ಅಲುಗಿತು. ಸೀಳಿದ ಬಟ್ಟೆಯೊಳಗಿಂದ ಮರುಗ ಘಮಘಮಿಸಿತು. ಮೋಹನ್ ಚಾಕು ಕೆಳಗಿಟ್ಟು, ಸೀಟಿನ ಚೀಲದಲ್ಲಿದ್ದ ಅವಳ ಉದ್ದ ಸೂಜಿಯನ್ನು ತೆಗೆದುಕೊಂಡ. ಮೇಲಿಂದ ತಾನೇ ಚುಚ್ಚಿ, ಬಗ್ಗಿ, ಕೆಳಗಿಂದ ತಾನೇ ಎಳೆದುಕೊಂಡ.

ಒಂದು ಗಂಟು ಹಾಕಿದ. ಎರಡನೆಯದು ಹಾಕಿದ. ಮೂರನೆಯದಕ್ಕೆ ಕೈ ಗಡಗಡ ನಡುಗಿತು. ನಗುವುದಕ್ಕೆ ಅವಳಿರಲಿಲ್ಲ.