ನಾಲ್ಕು ಬೆರಳು ಮೇಲೇರಿದ ಸೀಟು

ಹಳೇ ಉಕ್ಕಿನ ಸೈಕಲ್ಲಿಗೆ ಸೀಟಿನ ಕೊಳವೆ ಕೂರಿಸುವುದರಲ್ಲಿ ನನ್ನನ್ನು ಮೀರಿಸುವವನು ಮೂರು ಲೋಕದಲ್ಲಿಲ್ಲ. ಕೊಳವೆ ಅಳತೆಗಿಂತ ಕೂದಲೆಳೆಯಷ್ಟು ಸಣ್ಣದಿದ್ದರೂ ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಹೇಳಿಬಿಡುತ್ತೇನೆ. ನನಗೆ ಸಮ ಅಂತ ಒಬ್ಬನಿದ್ದರೆ ಅದು ನಮ್ಮಣ್ಣ. ದೀಪದ ಕಂಬದಷ್ಟು ಎತ್ತರ, ಎಡಚ ಬೇರೆ. ಸೀಟು ಬಿಗಿಯುವ ನಟ್ಟನ್ನು ಅವನು ಎಡಕ್ಕೆ ಹಾಕುತ್ತಿದ್ದ, ನಾನು ಬಲಕ್ಕೆ. ಮೂವತ್ತು ವರ್ಷ ಅದಕ್ಕೇ ಜಗಳವಾಡಿದೆವು.

ಹೋದ ವರ್ಷ ಅವನು ತೀರಿಕೊಂಡ. ನಮ್ಮಿಬ್ಬರ ಸೈಕಲ್ ರಿಪೇರಿ ಅಂಗಡಿಯಲ್ಲಿ ಜಗಳವಾಡಲು ಯಾರೂ ಉಳಿಯಲಿಲ್ಲ. ಅವನ ಸೈಕಲ್ಲನ್ನು ನೋಡಲಾಗದೆ, ಮಾರಿಬಿಡೋಣವೆಂದು ಸೀಟನ್ನು ನಾಲ್ಕು ಬೆರಳು ಇಳಿಸಿ, ಆನೆ ಎಳೆದರೂ ಅಲುಗದಂತೆ ಬಿಗಿದೆ. ಮಧ್ಯಾಹ್ನ ಊಟ ಮುಗಿಸಿ ಬಂದು ಬಾಗಿಲು ತೆಗೆದರೆ ಸೀಟು ಮತ್ತೆ ಅಣ್ಣನ ಎತ್ತರಕ್ಕಿತ್ತು. ಸಡಿಲ ಕೊಳವೆ ಕೆಳಕ್ಕೆ ಜಾರುತ್ತದೆ. ಮೇಲಕ್ಕೆ ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಮುಟ್ಟಿದರೆ ಸೀಟು ಬೆಚ್ಚಗಿತ್ತು. ಮೂರು ದಿನವೂ ಇದೇ ಕಥೆ.

"ಏನ್ರೀ ಮೇಸ್ತ್ರಿ, ದಿನಾ ನೀರು ಹಾಕ್ತೀರೇನು? ಬೆಳೀತಾನೇ ಇದೆಯಲ್ಲ!" ಎಂದು ಪಕ್ಕದಂಗಡಿಯ ದರ್ಜಿಯಮ್ಮ ಇಣುಕಿ ನಕ್ಕಳು.

ನಾಲ್ಕನೆಯ ದಿನ ಖಾಲಿ ಅಂಗಡಿಗೇ ಹೇಳಿದೆ: "ಆಯ್ತು ಕಣಣ್ಣಾ, ಮಾರಲ್ಲ. ನಾನೇ ಓಡಿಸ್ತೀನಿ. ಆದ್ರೆ ನನ್ನ ಮೋಟು ಕಾಲಿಗೆ ಪೆಡಲ್ ಎಟುಕ್ಬೇಡ್ವಾ?"

ಬೀಗ ಹಾಕಿಕೊಂಡು ಊಟಕ್ಕೆ ಹೋದೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ವಾಪಸು ಬಂದಾಗ ಸೀಟು ಇಳಿದಿತ್ತು. ಹತ್ತಿ ಕೂತರೆ ನನ್ನ ಕಾಲಿನ ಅಳತೆ ತೆಗೆದು ಇಟ್ಟ ಹಾಗಿತ್ತು. ಕೊಳವೆಗೆ ಯಾರೋ ಹೊಸ ಗ್ರೀಸು ಸವರಿದ್ದರು. ನಟ್ಟು ಎಡಕ್ಕಿತ್ತು.

ಅದನ್ನು ನಾನಿನ್ನೂ ಬಲಕ್ಕೆ ಹಾಕಿಲ್ಲ.