ಒಂಬತ್ತನೆಯ ಲಡಿ

ನರ್ಸ್ ಕಿರುಚಿದ್ದು ಬೆಳಗಿನ ಏಳು ಗಂಟೆಗೆ. ಎರಡನೆಯ ಮಹಡಿಯಲ್ಲಿ ಹಾಲು ಉಕ್ಕದಂತೆ ಕಾಯುತ್ತ ನಿಂತಿದ್ದ ನಾದಿನಿಗೆ ಅದು ಬೀದಿಯ ಜಗಳದಂತೆ ಕೇಳಿಸಿತು. ಪತ್ರಿಕೆ ಓದುತ್ತಿದ್ದ ಅತ್ತಿಗೆ ಮಾತ್ರ ಕನ್ನಡಕ ತೆಗೆದಿಟ್ಟರು.

"ಒಲೆ ಆರಿಸು. ಜಿರಳೆ ಕಂಡವರ ಕೂಗಲ್ಲ ಇದು. ಏನೋ ಕಳ್ಕೊಂಡವರದು."

ಅತ್ತಿಗೆ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡವರು. ಯಾರು ಏನು ಹೇಳಿದರು ಎನ್ನುವುದಕ್ಕಿಂತ ಯಾವ ಪದದಲ್ಲಿ ಹೇಳಿದರು ಎಂಬುದು ಅವರ ಕಿವಿಗೆ ಅಂಟಿಕೊಳ್ಳುತ್ತಿತ್ತು. ನಿವೃತ್ತಿಯಾದ ಮೇಲೆ ಕಟ್ಟಡದಲ್ಲಿ ಉಂಗುರ ಕಳೆದರೂ ಅನಾಮಧೇಯ ಪತ್ರ ಬಂದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲನ್ನೇ ತಟ್ಟುತ್ತಿದ್ದರು. ಅಣ್ಣ ಹೋದ ಮೇಲೆ ಅವರ ಜೊತೆಗೇ ಉಳಿದ ನಾದಿನಿ ಅವರ ಕಣ್ಣು, ಕಾಲು, ಕೆಲವೊಮ್ಮೆ ಬೈಗುಳಕ್ಕೆ ಸಿಗುವ ಗೋಡೆ.

ಕೂಗು ಬಂದದ್ದು ನೆಲಮಹಡಿಯ ಹಾಲ್‌ನಿಂದ. ಅಲ್ಲಿ ರಾಟೆಯಮ್ಮ ನೂಲುವುದನ್ನು ಕಲಿಸುತ್ತಿದ್ದರು. ನಾದಿನಿಯೂ ಅಲ್ಲಿನ ವಿದ್ಯಾರ್ಥಿನಿಯೇ. ಆ ಸಂಜೆ ನಾಲ್ಕಕ್ಕೆ ವರ್ಷದ ಪ್ರದರ್ಶನವಿತ್ತು. ನೇಕಾರರ ಸಂಘದವರು ಬಂದು ನೂಲು ಮುಟ್ಟಿನೋಡಿ, ಮೆಚ್ಚಿದವರಿಗೆ ಮುಂದಿನ ವರ್ಷದ ಕೆಲಸ ಒಪ್ಪಿಸುವ ದಿನ.

ಹಾಲ್‌ನೊಳಗೆ ಒಲೆಯ ಧಗೆ ಮುಖಕ್ಕೆ ರಾಚಿತು. ಬಣ್ಣ ಕಾಯಿಸುವ ದೊಡ್ಡ ಹಂಡೆಯ ಪಕ್ಕ ನರ್ಸ್ ನೆಲದ ಮೇಲೆ ಕೂತಿದ್ದಳು, ಆಸ್ಪತ್ರೆಯ ಸಮವಸ್ತ್ರದಲ್ಲೇ. ಅವಳ ಮಡಿಲಲ್ಲಿ ಕುಂಬಳಕಾಯಿ ಗಾತ್ರದ ಒದ್ದೆ ಉಣ್ಣೆಯ ಮುದ್ದೆ. ನೀಲಿ, ನೇರಳೆ, ಕೆಂಪು, ಹಸಿರು ಎಲ್ಲ ಒಂದಕ್ಕೊಂದು ಕಚ್ಚಿಕೊಂಡು ಬಿಗಿದುಹೋಗಿದ್ದವು. ಇನ್ನೂ ಬೆಚ್ಚಗಿತ್ತು.

"ಒಂಬತ್ತೂ ಹೋಯ್ತು ಅಕ್ಕಾ," ಅಂದಳು. "ಒಂದೂ ಉಳಿದಿಲ್ಲ."

ಸುತ್ತಿ ಕಟ್ಟಿದ ಉಣ್ಣೆನೂಲಿನ ಆ ಲಡಿಗಳ ಕತೆ ನಾದಿನಿಗೆ ಬಾಯಿಪಾಠವಾಗಿತ್ತು. ನರ್ಸ್ ಮೊದಲು ಬರೀ ಹೆಣಿಗೆಯವಳು. ರೋಗಿಗಳು ಮಲಗಿದ ಹೊತ್ತಿನಲ್ಲಿ ಕಡ್ಡಿ ಹಿಡಿದು ಕಾಲುಚೀಲ ಹೆಣೆಯುತ್ತಿದ್ದವಳು. ಒಮ್ಮೆ ಕೈಯಲ್ಲಿ ಬಣ್ಣ ಹಾಕಿದ ಲಡಿಯೊಂದನ್ನು ಕಂಡು ಮರುಳಾದಳು. ಸ್ವೆಟರಿಗೆಂದು ಕೊಂಡದ್ದನ್ನು ಹೆಣೆಯಲು ಮನಸ್ಸು ಬಾರದೆ ಕಿಟಕಿಗೆ ನೇತುಹಾಕಿ ನೋಡುತ್ತ ಕೂತಳು. ಹೀಗೆ ನಾಲ್ಕು ವರ್ಷದಲ್ಲಿ ಎಂಟು ಲಡಿ, ಎಂಟು ಜನ ಬಣ್ಣಗಾರರ ಕೈಯದು. ಇಂಥ ನೂಲನ್ನು ತಾನೇ ನೂಲಬಾರದೇಕೆ ಎಂದು ತರಗತಿಗೆ ಸೇರಿ ವರ್ಷವಾಗಿರಲಿಲ್ಲ. ಒಂಬತ್ತನೆಯ ಲಡಿ ಅವಳೇ ನೂತದ್ದು; ಈರುಳ್ಳಿ ಸಿಪ್ಪೆ ಕುದಿಸಿದ ನೀರಲ್ಲಿ ಅದ್ದಿದ ಜೇನುಬಣ್ಣದ್ದು.

ಮುದ್ದೆಯನ್ನು ಕಂಡಾಗ ನಾದಿನಿಯ ಎದೆ ಧಸಕ್ಕೆಂದಿತು. ಅದರ ಹಿಂದೆಯೇ, ಒಂದೇ ಒಂದು ಗಳಿಗೆ, ಎಲ್ಲೋ ಒಳಗೆ ತಣ್ಣಗಾಯಿತು. ನಾದಿನಿ ಮೂರು ವರ್ಷದಿಂದ ನೂಲುತ್ತಿದ್ದಳು. ಅವಳ ನೂಲು ಇನ್ನೂ ಹೆಬ್ಬಾವು ಇಲಿ ನುಂಗಿದಂತೆ ಅಲ್ಲಲ್ಲಿ ಉಬ್ಬುತ್ತಿತ್ತು. ನರ್ಸಿನ ತಕಲಿಯಿಂದ ಎಳೆ ಜಾರಿದಂತೆ ಇಳಿಯುವುದನ್ನು ಕಂಡು ಎಷ್ಟು ಸಲ ಹೊಟ್ಟೆ ಉರಿದಿತ್ತೋ. ಈಗಿನ ಆ ತಂಪಿಗೆ ಅವಳು ನಾಚಿ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಉಳಿದವರೂ ಸೇರಿದರು. ಅಲ್ಲಿ ನೂಲಿಗೆ ಬಣ್ಣ ಹಾಕುವ ಬಣ್ಣದವನು ಟೀ ಕುಡಿದು ಬಂದವನೇ ಬಾಗಿಲಲ್ಲೇ ಕಲ್ಲಾದ. ಬಸ್ಸಿಳಿದು ಬಂದ ಲೈಬ್ರರಿಯಾಕೆ ಬಾಯಿ ಮೇಲೆ ಕೈಯಿಟ್ಟಳು. ಹಿಂದಿನ ಕೋಣೆಯಿಂದ ರಾಟೆಯಮ್ಮ ಕತ್ತಿನವರೆಗೆ ಶಾಲು ಹೊದ್ದು ಗೋಡೆ ಹಿಡಿದು ಬಂದರು. ನರ್ಸಿನ ತಲೆ ಸವರಿದರು.

"ಅಳಬೇಡ ಮಗಳೇ. ಎಂಟು ಲಡಿ ಹೋದ್ರೆ ಹೋಗಲಿ, ಕೈ ಹೋಗಿಲ್ಲವಲ್ಲ."

"ಹತ್ತು ಹನ್ನೆರಡು ಲಡಿ ಒಬ್ಬಳೇ ಇಟ್ಕೊಂಡು ಕೂತ್ರೆ ಯಾರ ಕಣ್ಣೂ ಬೀಳದೆ ಇರುತ್ತಾ?" ಎಂದಳು ಲೈಬ್ರರಿಯಾಕೆ. "ನಿನ್ನೆನೇ ಹೇಳ್ದೆ, ಬೀರುವಿನಲ್ಲಿಡು ಅಂತ. ಎಲ್ಲಾನೂ ಹಗ್ಗಕ್ಕೆ ನೇತುಹಾಕಿ ಮೆರೆಸಿದ್ಳು."

ಈ ಮಾತಿನ ಅಂಚು ನಾದಿನಿಗೆ ಚುಚ್ಚಿತು. ಲೈಬ್ರರಿಯಾಕೆ ಹನ್ನೊಂದು ವರ್ಷದ ಹಳೆಯ ಶಿಷ್ಯೆ. ನಿನ್ನೆ ಮೊನ್ನೆ ಬಂದವಳಿಗೆ ಪ್ರದರ್ಶನದಲ್ಲಿ ಎದುರಿನ ಮೇಜು ಸಿಕ್ಕಿತೆಂದು ವಾರವಿಡೀ ಗೊಣಗಿದ್ದಳು.

ಅತ್ತಿಗೆ ಯಾರಿಗೂ ಸಮಾಧಾನ ಹೇಳಲಿಲ್ಲ. ಒಲೆಯ ಸುತ್ತ ಒಂದು ಸುತ್ತು ಬಂದರು. ಹಂಡೆಯ ಬಿಸಿನೀರಲ್ಲಿ ಸಾಬೂನಿನ ನೊರೆಯಿತ್ತು. ಪಕ್ಕದ ಬಕೆಟ್ಟಿನಲ್ಲಿ ತಣ್ಣೀರು. ಅದರಲ್ಲೂ ಬಣ್ಣದ ನೊರೆ ತೇಲುತ್ತಿತ್ತು.

"ಹಂಡೆಗೆ ನೀರು ತುಂಬಿದ್ದು?"

"ನಾನೇ," ಎಂದ ಬಣ್ಣದವನು. ಅವನ ಉಗುರುಗಳೆಲ್ಲ ನೀಲಿ. "ನಿನ್ನೆ ಸಂಜೆ ತುಂಬಿಟ್ಟೆ. ಇವತ್ತು ಆರಕ್ಕೆ ಬಂದು ಒಲೆ ಹಚ್ಚಿ ಟೀಗೆ ಹೋದೆ. ಬಕೆಟ್ ಖಾಲಿ ಇತ್ತು, ಬೋರಲಾಗಿತ್ತು."

"ಇಷ್ಟು ಗಟ್ಟಿಯಾಗೋದು ಹೇಗೆ?"

"ಬಿಸಿನೀರಲ್ಲಿ ಕಿವುಚಿ, ಥಟ್ಟನೆ ತಣ್ಣೀರಿಗೆ ಹಾಕಿ, ಮತ್ತೆ ಬಿಸಿಗೆ. ಉಣ್ಣೆ ಕಚ್ಚಿಕೊಂಡುಬಿಡುತ್ತೆ. ಬರೀ ಬಿಸಿನೀರಲ್ಲಿ ಬಿದ್ದಿದ್ರೆ ಅರ್ಧವಾದ್ರೂ ಉಳಿಸ್ತಿದ್ದೆ. ಇದರಲ್ಲಿ ಈಗ ಹತ್ತಿ ದಾರ ಬಿಟ್ರೆ ಏನೂ ಬಿಡಿಸೋಕಾಗಲ್ಲ."

"ಹತ್ತಿ ದಾರ ಯಾವುದು?"

"ಲಡಿ ಗೋಜಲಾಗಬಾರದು ಅಂತ ನಾಲ್ಕು ಕಡೆ ಕಟ್ಟಿರ್ತೀವಲ್ಲ, ಅದು. ಹತ್ತಿ ಕಚ್ಚಿಕೊಳ್ಳಲ್ಲ."

ಅತ್ತಿಗೆ ಬಕೆಟ್ಟಿನತ್ತ ತಿರುಗಿದರು. "ಇಲ್ಲಿ ನಲ್ಲಿ ಎಲ್ಲಿದೆ?"

"ರಾಟೆಯಮ್ಮನ ಕೋಣೆ ಹಿಂದೆ. ಇರೋದು ಅದೊಂದೇ," ಎಂದಳು ಲೈಬ್ರರಿಯಾಕೆ. "ಬೆಳಗ್ಗೆ ಆ ಕಡೆ ಹೋಗೋಕೇ ಭಯ. ಬೆಕ್ಕು ನಡೆದ್ರೂ ಎದ್ದು ಯಾರು ಅಂತಾರೆ."

"ಇವತ್ತು ಮಾತ್ರ ಹಾಳು ನಿದ್ದೆ," ಎಂದರು ರಾಟೆಯಮ್ಮ. "ಇವಳು ಕಿರುಚಿದ ಮೇಲೇ ಎಚ್ಚರವಾಗಿದ್ದು."

ಅತ್ತಿಗೆ ತಲೆಯಾಡಿಸಿದರು. "ಮೂರು ಗಂಟೆಗೆ ಎಲ್ಲರೂ ಇಲ್ಲೇ ಇರಿ. ಅಲ್ಲೀವರೆಗೆ ಈ ಮುದ್ದೆ ನನ್ನ ಹತ್ರ ಇರಲಿ."

ಮೇಲೆ ಬಂದವರೇ ಅದನ್ನು ಊಟದ ಮೇಜಿನ ಮೇಲಿಟ್ಟು ನಾದಿನಿಯ ಕೈಗೆ ಹೆಣಿಗೆ ಕಡ್ಡಿ ಕೊಟ್ಟರು. "ಹತ್ತಿ ದಾರದ ಗಂಟುಗಳನ್ನ ಹುಡುಕಿ ಎಣಿಸು."

"ಇದರಲ್ಲಿ ಎಣಿಸೋದೇನಿದೆ? ಲೈಬ್ರರಿಯಾಕೆಯದೇ ಕೆಲಸ. ಅವಳ ಮಾತು ಕೇಳಿದ್ರಲ್ಲ?"

"ಕೇಳಿದೆ. ಹೊಟ್ಟೆಕಿಚ್ಚನ್ನ ಬಾಯಲ್ಲೇ ಕಕ್ಕಿಬಿಡೋಳು ಅವಳು. ಕಕ್ಕಿದ ಮೇಲೆ ಒಳಗೇನು ಉಳಿಯುತ್ತೆ? ಎಣಿಸು."

ಎರಡು ಗಂಟೆ ಹಿಡಿಯಿತು. ಮುದ್ದೆಯನ್ನು ಕತ್ತರಿಯಿಂದ ಸೀಳಿ, ಕಡ್ಡಿಯಿಂದ ಕೆದಕಿ, ನಾದಿನಿ ಬಿಳಿ ಗಂಟುಗಳನ್ನು ಒಂದೊಂದಾಗಿ ಕಿತ್ತು ತಟ್ಟೆಯಲ್ಲಿಟ್ಟಳು. ಕತ್ತು ಹಿಡಿದುಕೊಂಡಿತು. "ಮೂವತ್ತೆರಡು," ಎಂದಳು ಕೊನೆಗೆ. ಅತ್ತಿಗೆ ಮತ್ತೊಮ್ಮೆ ಎಣಿಸಿದರು. ಮೂವತ್ತೆರಡೇ.

"ಒಳಗೆ ಜೇನುಬಣ್ಣ ಎಲ್ಲಾದ್ರೂ ಕಾಣಿಸ್ತಾ?"

ನಾದಿನಿ ಸೀಳಿದ ಭಾಗಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದಳು. ಎಲ್ಲ ಬಣ್ಣಗಳೂ ಇದ್ದವು, ಅದೊಂದನ್ನು ಬಿಟ್ಟು.

ಅತ್ತಿಗೆಯ ಮುಖ ಸಪ್ಪೆಯಾಯಿತು. ಒಗಟು ಬಿಡಿಸಿದ ದಿನ ಅವರು ಎರಡು ಲೋಟ ಕಾಫಿ ಕೇಳುವುದು ವಾಡಿಕೆ. ಆ ದಿನ ಒಂದೂ ಕೇಳಲಿಲ್ಲ.

ಮೂರಕ್ಕೆ ಎಲ್ಲರೂ ಹಾಲ್‌ನಲ್ಲಿ ಸೇರಿದರು. ನರ್ಸ್ ಕಣ್ಣು ಊದಿಸಿಕೊಂಡು ಖಾಲಿ ಹಗ್ಗದ ಕೆಳಗೆ ಕೂತಿದ್ದಳು. ಅತ್ತಿಗೆ ಬಾಯಿ ತೆರೆಯುವ ಮುಂಚೆಯೇ ಲೈಬ್ರರಿಯಾಕೆ, "ಎಲ್ಲರೂ ನನ್ನನ್ನೇ ನೋಡ್ತಿದೀರಿ, ಗೊತ್ತು ನಂಗೆ! ನಾನು ಬಂದ ಬಸ್ಸಿನ ಟಿಕೆಟ್ ತೋರಿಸ್ಲಾ?" ಎಂದಳು.

"ಬೇಡ," ಎಂದರು ಅತ್ತಿಗೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರೆಲ್ಲ ಕಳ್ಳರಲ್ಲ."

ಆಮೇಲೆ ಅವರು ಕೋರ್ಟಿನ ಹಳೆಯ ಧಾಟಿಯಲ್ಲಿ, ದನಿಯೇರಿಸದೆ ಹೇಳತೊಡಗಿದರು. "ಮೊದಲನೇದು, ಕಿವುಚಿದವರಿಗೆ ಉಣ್ಣೆಯ ಸ್ವಭಾವ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರು ಕತ್ತರಿ ಹಿಡೀತಿದ್ರು. ಇವರು ತಣ್ಣೀರು ಹುಡುಕಿಕೊಂಡು ಹೋದ್ರು. ಹಂಡೆ ನಿನ್ನೆನೇ ತುಂಬಿತ್ತು. ಬಕೆಟ್ ತುಂಬಿದ್ದು ಇವತ್ತು ಆರರಿಂದ ಏಳರೊಳಗೆ. ನೀರು ಬರೋದು ಒಂದೇ ನಲ್ಲಿಯಿಂದ, ಅದಕ್ಕೆ ದಾರಿಯೂ ಒಂದೇ."

ಬಣ್ಣದವನು ಮೆಲ್ಲಗೆ ಹಿಂದಿನ ಕೋಣೆಯತ್ತ ನೋಡಿದ.

"ಎರಡನೇದು, ಮುದ್ದೆಯಲ್ಲಿ ಮೂವತ್ತೆರಡು ಗಂಟು ಸಿಕ್ಕಿದೆ. ಲಡಿಗೆ ನಾಲ್ಕು. ಅಂದ್ರೆ ನೀರಿಗೆ ಬಿದ್ದಿದ್ದು ಎಂಟೇ."

ನರ್ಸ್ ತಟ್ಟನೆ ತಲೆಯೆತ್ತಿದಳು. "ಯಾವುದು ಉಳೀತು?"

"ನೀನು ನೂತಿದ್ದು. ಬಣ್ಣಕ್ಕೆ ಆಸೆಪಟ್ಟೋರಾಗಿದ್ರೆ ನವಿಲಿನ ಬಣ್ಣದ್ದನ್ನ ಒಯ್ತಿದ್ರು. ಒಯ್ದಿದ್ದು ಈರುಳ್ಳಿ ಸಿಪ್ಪೆಯದು. ಬಣ್ಣ ನೋಡದೆ ಬರೀ ಎಳೆ ನೋಡೋ ಕಣ್ಣು ಅದು." ಅತ್ತಿಗೆ ಕನ್ನಡಕ ಸರಿಪಡಿಸಿಕೊಂಡರು. "ಮೂರನೇದು ನಂಗೆ ಬೆಳಗ್ಗೆನೇ ಕೇಳಿಸಿತ್ತು. ಇವಳು ಒಂಬತ್ತು ಅಂದ್ಳು. ಲೈಬ್ರರಿಯಾಕೆ ಬಾಯಿಗೆ ಬಂದಿದ್ದು ಅಂದ್ಳು. ಒಬ್ಬರು ಮಾತ್ರ ಸರಿಯಾಗಿ ಎಂಟು ಅಂದ್ರು. ಅದೊಂದೇ ಆಗಿದ್ರೆ ವಯಸ್ಸಾದವರ ಲೆಕ್ಕ ಅಂತ ಬಿಡ್ತಿದ್ದೆ. ಆದ್ರೆ ನಾವೆಲ್ಲ ಬೆವರು ಒರೆಸ್ಕೋತಿರೋ ಈ ಒಲೆ ಮುಂದೆ ಅವರು ಬೆಳಗ್ಗೆಯಿಂದ ಶಾಲು ತೆಗೆದಿಲ್ಲ."

ರಾಟೆಯಮ್ಮ ಹೆಬ್ಬೆರಳಿನ ಸೆಟೆದ ಗೆಣ್ಣನ್ನು ತಿಕ್ಕುತ್ತ ಕೂತಿದ್ದರು. ಆಮೇಲೆ ಶಾಲು ಸರಿಸಿದರು. ಜೇನುಬಣ್ಣದ ಲಡಿ ಮಡಿಚಿಕೊಂಡು ಅವರ ಎದೆಗೆ ಒತ್ತಿಕೊಂಡಿತ್ತು.

"ಎರಡು ವರ್ಷದಿಂದ ನನ್ನ ಬೆರಳು ಹುರಿ ಹಿಡೀತಿಲ್ಲ," ಎಂದರು. "ಹಳೇ ನೂಲನ್ನೇ ಮೇಜಿನ ಮೇಲೆ ಇಡ್ತಾ ಬಂದೆ. ಯಾರಿಗೂ ತಿಳೀಲಿಲ್ಲ. ಇವತ್ತು ಆ ಸಂಘದವರು ಮೊದಲು ಇವಳ ಮೇಜಿಗೆ ಹೋಗ್ತಾರೆ, ಆಮೇಲೆ ನನ್ನ ಹತ್ರ ಬಂದು ಪಾಪ ಅನ್ನೋ ಮುಖ ಮಾಡ್ತಾರೆ ಅಂತ ರಾತ್ರಿಯೆಲ್ಲ ಕಣ್ಣಿಗೆ ಕಟ್ತಿತ್ತು. ಎದ್ದು ಬಂದೆ. ಒಂಬತ್ತನ್ನೂ ಒಟ್ಟಿಗೆ ತಬ್ಬಿ ಹಂಡೆ ಹತ್ರ ಒಯ್ದೆ. ಇದನ್ನ ಹಾಳು ಮಾಡೋಕೆ ಅಂತಲೇ ಬಂದಿದ್ದು, ತಾಯೀ. ಉಳಿದವು ಇದರ ಜೊತೆ ಸಾಯ್ಲಿ ಅಂದ್ಕೊಂಡಿದ್ದೆ. ಎಂಟು ಬಿದ್ದವು. ಇದನ್ನ ಹಾಕೋವಾಗ ಬೆರಳು ಎಳೆ ಮೇಲೆ ಹೋಯ್ತು. ಒಂದು ಗಂಟಿಲ್ಲ, ಒಂದು ಸೊಟ್ಟಿಲ್ಲ. ಕೈ ಬರ್ಲಿಲ್ಲ."

ನರ್ಸ್ ಎದ್ದು ಲಡಿಯನ್ನು ಅವರ ಕೈಯಿಂದ ತೆಗೆದುಕೊಂಡಳು. "ಹೋದ ವಾರ ತೋರಿಸಿದಾಗ ಇನ್ನೂ ಹುರಿ ಬೇಕು ಅಂದ್ರಿ."

"ಸುಳ್ಳು ಹೇಳ್ದೆ. ನಿನ್ನ ವಯಸ್ಸಲ್ಲಿ ನಂಗೆ ಇಂಥದ್ದು ಬಂದಿರ್ಲಿಲ್ಲ."

"ಅದನ್ನ ಕೇಳೋಕೆ ವರ್ಷದಿಂದ ಕಾದಿದ್ದೆ," ಎಂದಳು ನರ್ಸ್. "ಹೀಗೆ ಕೇಳಿಸ್ಕೋಬೇಕಾಯ್ತು." ಅವಳು ಕ್ಷಮಿಸಿದೆನೆಂದು ಹೇಳಲಿಲ್ಲ. ಪೊಲೀಸರ ಮಾತನ್ನೂ ಎತ್ತಲಿಲ್ಲ. ಲಡಿಯನ್ನು ಎದುರಿನ ಮೇಜಿನ ಮೇಲಿಟ್ಟು ಸೀದಾ ಮನೆಗೆ ಹೋದಳು. ನಾಲ್ಕಕ್ಕೆ ಬಂದ ನೇಕಾರರಿಗೆ ರಾಟೆಯಮ್ಮನೇ ಅದನ್ನು ತೋರಿಸಿ, ಯಾರು ನೂತದ್ದು, ತಾನೇನು ಮಾಡಿದೆ ಎಂಬುದನ್ನು ಒಂದಕ್ಷರ ಬಿಡದೆ ಹೇಳಿದರು. ಕೆಲಸ ನರ್ಸಿಗೇ ಹೋಯಿತು.

ಆ ಸಂಜೆ ಮೆಟ್ಟಿಲು ಹತ್ತುವಾಗ ನಾದಿನಿ ತಡೆಯಲಾರದೆ ಕೇಳಿದಳು. "ಅತ್ತಿಗೆ, ಬೆಳಗ್ಗೆ ನನ್ನ ಮೇಲೂ ಅನುಮಾನ ಬಂತಾ?"

"ಬಂತು. ಆ ಮುದ್ದೆ ನೋಡಿ ನಿನ್ನ ಮುಖ ಒಂದು ಗಳಿಗೆ ಅರಳಿತ್ತು."

ನಾದಿನಿಗೆ ನೆಲ ಬಿರಿಯಬಾರದೇ ಅನ್ನಿಸಿತು. "ಮತ್ತೆ?"

"ಮತ್ತೇನು? ಆರರಿಂದ ಏಳರವರೆಗೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾ ಇದ್ದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? ಮುಖ ಅರಳೋದು ಅಪರಾಧ ಅಲ್ಲ ಕಣೇ. ಹಾಗಿದ್ದಿದ್ರೆ ಕೋರ್ಟಲ್ಲಿ ಜಡ್ಜೂ ಕಟಕಟೆಯಲ್ಲೇ ನಿಲ್ಲಬೇಕಾಗ್ತಿತ್ತು."

ಮೂರು ವಾರ ನರ್ಸ್ ಬರಲಿಲ್ಲ. ನಾಲ್ಕನೆಯ ವಾರ ಬಂದಳು. ಬಂದವಳು ಬಾಗಿಲ ಪಕ್ಕ ಕೂತು ತಕಲಿ ತಿರುಗಿಸತೊಡಗಿದಳು. ಬೆರಳಿನಿಂದ ಎಳೆ ಇಳಿಯಿತು, ಸಣ್ಣಗೆ, ಸಮನಾಗಿ, ನೆಲ ಮುಟ್ಟುವವರೆಗೂ. ಲೈಬ್ರರಿಯಾಕೆ ತುಟಿ ಬಿಗಿದಿದ್ದಳು. ರಾಟೆಯಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ನಾದಿನಿಯ ಕೈಯಲ್ಲಿ ಎಂದಿನಂತೆ ನೂಲು ಉಬ್ಬಿತು, ಕಿತ್ತಿತು, ತಕಲಿ ಠಣ್ಣೆಂದು ನೆಲಕ್ಕೆ ಬಿತ್ತು. ಹಳೆಯ ಉರಿ ಹೊಟ್ಟೆಯಿಂದ ಮೇಲೆದ್ದು ಗಂಟಲಿಗೆ ಬಂತು. ಅವಳು ಅದನ್ನು ನುಂಗಲಿಲ್ಲ.

"ಅಯ್ಯೋ, ನಿನ್ನ ನೋಡಿದ್ರೆ ನಂಗೆ ಹೊಟ್ಟೆಕಿಚ್ಚು ಕಣೇ!" ಎಂದುಬಿಟ್ಟಳು ಎಲ್ಲರಿಗೂ ಕೇಳುವಂತೆ.

ನರ್ಸಿನ ತಕಲಿ ನಿಂತಿತು. "ನಂಗೂ," ಎಂದಳು ಲೈಬ್ರರಿಯಾಕೆ, ತಲೆಯೆತ್ತದೆ. ಸ್ವಲ್ಪ ತಡೆದು, ಒಡೆದ ದನಿಯಲ್ಲಿ, "ನಂಗೂ," ಎಂದರು ರಾಟೆಯಮ್ಮ.

ನರ್ಸ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ತನ್ನ ಕುರ್ಚಿಯನ್ನು ಎತ್ತಿಕೊಂಡು ಬಂದು, ನಾದಿನಿಯ ಪಕ್ಕ ಹಾಕಿ, ಬಿದ್ದ ತಕಲಿಯನ್ನು ಅವಳ ಕೈಗೆ ಕೊಟ್ಟಳು.

"ಹೆಬ್ಬೆರಳು ಅಷ್ಟು ಬಿಗಿ ಹಿಡೀಬೇಡಿ," ಎಂದಳು.